ದೇವಿಮನೆ ಘಟ್ಟ ಇಳಿದ ಮೇಲೆ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಕ: ವಾರಂಟಿಯಲ್ಲಿ ಆಗುತ್ತಾ?

ಪ್ರಶ್ನೆ (ಶಿರಸಿ): ಕಾರಿಗೆ ಒಂದು ವರ್ಷ ದಾಟಿದೆ, ವಾರಂಟಿ ಇದೆ. 80ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ನಡುಕ. ಬ್ರೇಕ್ ಡಿಸ್ಕ್ ಸವೆಯುವ ಭಾಗ, ಅದಕ್ಕೆ ವಾರಂಟಿ ಇಲ್ಲ ಎಂದು ಸರ್ವಿಸ್ ಸೆಂಟರ್‌ನವರು ಎನ್ನುತ್ತಾರೆ. ಏನು ಕೇಳಬೇಕು?

ಉತ್ತರ (ಕಾರವಾರ): ಹಾಗಾದರೆ ವೀಲ್ ಬ್ಯಾಲೆನ್ಸಿಂಗ್ ಅಲ್ಲ, ಮುಂದಿನ ಡಿಸ್ಕ್ ನೋಡಿಸಿ. ಬೆಂಡ್ ಆಗಿದೆ ಅಂತಾರೆ, ಆದರೆ ಹೆಚ್ಚಾಗಿ ದಪ್ಪವೇ ಏರುಪೇರಾಗಿರುತ್ತದೆ. ಡಯಲ್ ಗೇಜ್ ಇಟ್ಟು ರನ್‌ಔಟ್, ಅಂದರೆ ತಿರುಗುವಾಗ ಡಿಸ್ಕ್ ಎಷ್ಟು ಓಲಾಡುತ್ತದೆ ಎಂಬುದನ್ನು, ಅಳೆಸಿ. ಅನೇಕ ಕಾರುಗಳಲ್ಲಿ ಮಿತಿ 0.05 ಮಿ.ಮೀ. ಆಸುಪಾಸು; ನಿಮ್ಮ ಮಾಡೆಲ್ಲಿನದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಡಿಸ್ಕ್ ಬಿಚ್ಚಿದಾಗ ಅದು ಕೂರುವ ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ಉಜ್ಜಿಸಿ. ನಮ್ಮ ಕಡಲ ಉಪ್ಪುಗಾಳಿಗೆ ಅಲ್ಲೇ ತುಕ್ಕು ಕೂರುವುದು. ಅದರ ಮೇಲೆಯೇ ಹೊಸ ಡಿಸ್ಕ್ ಕೂರಿಸಿದರೆ ಅದು ಸೊಟ್ಟ ತಿರುಗಿ, ನಡುಕ ಮತ್ತೆ ಶುರು. ವೀಲ್ ನಟ್ಟುಗಳನ್ನು ನಟ್ ಬಿಗಿಸುವ ಗನ್ನಿನಲ್ಲಿ ಅಲ್ಲ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಎದುರುಬದುರಾಗಿ ಬಿಗಿಸಬೇಕು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ಜಾಮ್ ಆಗಿದೆಯಾ, ಅದನ್ನೂ ನೋಡಿಸಿ.

ಉತ್ತರ (ಕುಮಟಾ): ಕನಿಷ್ಠ ದಪ್ಪ ಡಿಸ್ಕ್ ಮೇಲೆಯೇ ಅಚ್ಚಾಗಿರುತ್ತದೆ. ಮೈಕ್ರೋಮೀಟರ್ ಅಳತೆ ಅದಕ್ಕಿಂತ ತುಂಬಾ ಹೆಚ್ಚಿದ್ದರೆ ‘ಸವೆದಿದೆ’ ಎಂಬ ಮಾತು ನಿಲ್ಲುವುದಿಲ್ಲ. ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ನಡುಕ ತೋರಿಸಿ, ಅಳತೆಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ವಾರಂಟಿ ಇಲ್ಲ ಎಂದರೆ ಕಾರಣ ಬರವಣಿಗೆಯಲ್ಲೇ ಕೊಡಲಿ. ಆಮೇಲೆ ಕಂಪನಿಗೆ ಇಮೇಲ್, ಆಗಲಿಲ್ಲವೆಂದರೆ ಗ್ರಾಹಕ ಸಹಾಯವಾಣಿ 1915.

ಉತ್ತರ (ಶಿರಸಿ): ಘಟ್ಟದಲ್ಲಿ ಎರಡು–ಮೂರನೇ ಗೇರಿನಲ್ಲೇ ಇಳಿಸಿ. ಕಾದ ಬ್ರೇಕನ್ನು ಒತ್ತಿ ಹಿಡಿದು ಗಾಡಿ ನಿಲ್ಲಿಸಿದರೆ ಪ್ಯಾಡಿನ ಪದರ ಡಿಸ್ಕಿಗೆ ಅಂಟುತ್ತದೆ.