ಪದಚರ್ಚೆ: ‘ರೆಸಿಡ್ಯುಯಲ್ ಸ್ಟ್ರೆಸ್’ಗೆ ‘ಶೇಷ ಒತ್ತಡ’ ಸರಿ ಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಪಿಂಗಾಣಿಯ ಗಟ್ಟಿತನದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ರೆಸಿಡ್ಯುಯಲ್ ಸ್ಟ್ರೆಸ್’ (ಹೊರಗಿನ ಭಾರ ಇಲ್ಲದಿದ್ದರೂ ವಸ್ತುವಿನೊಳಗೇ ಉಳಿದುಬಿಟ್ಟಿರುವ ಬಲ) ಬಂದಲ್ಲೆಲ್ಲ ತಡವರಿಸುವಂತಾಗಿದೆ. ಸುಮ್ನೆ ‘ಶೇಷ ಒತ್ತಡ’ ಅಂತ ಬರೆದುಬಿಡಬಹುದು. ಆದರೆ ಒತ್ತಡ ಅಂದರೆ ನಮಗೆ ಹೊಳೆಯುವುದು ಅದುಮುವ ಬಲ ಮಾತ್ರ. ಗಾಳಿಯ ಒತ್ತಡ, ರಕ್ತದೊತ್ತಡ ಎಲ್ಲ ಹಾಗೇ ಅಲ್ವಾ? ಇಲ್ಲಿ ಅದುಮುವುದೂ ಇದೆ, ಎಳೆಯುವುದೂ ಇದೆ. ಪಿಂಗಾಣಿಯ ಮಟ್ಟಿಗೆ ಮೊದಲನೆಯದು ಕಾಪಾಡುವಂಥದ್ದು, ಇನ್ನೊಂದು ಒಡೆಯುವಂಥದ್ದು.

ಪಿಂಗಾಣಿ, ಗಾಜು ಎರಡೂ ಅದುಮಿದರೆ ಚೆನ್ನಾಗಿ ತಡೆದುಕೊಳ್ಳುತ್ತವೆ. ಎಳೆದರೆ ಬೇಗ ಸೀಳುತ್ತವೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ. ಎಳೆತ ಬಿದ್ದರೆ ಅವು ಬಾಯಿ ಬಿಡುತ್ತವೆ, ಅದುಮಿದರೆ ಮುಚ್ಚಿಕೊಳ್ಳುತ್ತವೆ.

ಹಳೆಯ ಟೀ ಕಪ್ಪಿನ ಒಳಮೈ ನೋಡಿ. ಕೆಲವದರಲ್ಲಿ ಬಲೆ ಹೆಣೆದ ಹಾಗೆ ಕಂದು ಗೆರೆಗಳಿರುತ್ತವೆ. ಗೂಡಿನಲ್ಲಿ ಸುಟ್ಟ ಮೇಲೆ ತಣ್ಣಗಾಗುವಾಗ ಮೇಲಿನ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಒಳಗಿನ ಮಣ್ಣಿಗಿಂತ ಜಾಸ್ತಿ ಕುಗ್ಗಲು ನೋಡುತ್ತದೆ. ಮಣ್ಣು ಬಿಡುವುದಿಲ್ಲ. ಗ್ಲೇಜ್ ಎಳೆತಕ್ಕೆ ಸಿಕ್ಕು ಬಿರಿಯುತ್ತದೆ, ಸಂದಿಗೆ ಟೀ ಇಳಿದು ಕರೆ ಕಟ್ಟುತ್ತದೆ. (ಮಣ್ಣು ನೀರು ಹೀರಿ ಹಿಗ್ಗಿದಾಗ, ಎಷ್ಟೋ ವರ್ಷದ ಮೇಲೂ ಹೀಗಾಗುವುದುಂಟು.) ಗ್ಲೇಜ್ ತುಸು ಕಮ್ಮಿ ಕುಗ್ಗುವಂಥದ್ದಾದರೆ ಎಲ್ಲ ಉಲ್ಟಾ. ಮಣ್ಣೇ ಅದನ್ನು ಅದುಮಿ ಹಿಡಿಯುತ್ತದೆ, ಕಪ್ಪು ಗಟ್ಟಿಯಾಗುತ್ತದೆ. ಇದೂ ಅತಿಯಾದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ, ಆ ಮಾತು ಬೇರೆ. ವಿದ್ಯುತ್ ಲೈನಿನ ಪಿಂಗಾಣಿ ಇನ್ಸುಲೇಟರ್‌ಗಳ ಗ್ಲೇಜನ್ನು ಬೇಕಂತಲೇ ಹೀಗೆ ಹೊಂದಿಸುತ್ತಾರೆ.

ಮಣ್ಣಿನ ಒಳಗೂ ಇದೇ ಜಗ್ಗಾಟ. ಅದರಲ್ಲಿರುವ ಕ್ವಾರ್ಟ್ಸ್ (ಬೆಣಚುಕಲ್ಲು) ಕಣಗಳು ತಣಿಯುತ್ತಾ 573 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ದಿಢೀರನೆ ಕುಗ್ಗುತ್ತವೆ. ಸುತ್ತ ಕರಗಿ ಗಾಜಾದ ಭಾಗ ಅಷ್ಟು ಕುಗ್ಗುವುದಿಲ್ಲ. ಕಣ ದಪ್ಪವಿದ್ದರೆ ಸುತ್ತಲೂ ಬಿರುಕು. ಟಫನ್ಡ್ ಗಾಜಿನಲ್ಲಂತೂ (ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗಾಜು) ಈ ಬಲವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ: 600 ಡಿಗ್ರಿ ದಾಟಿಸಿ ಕಾಯಿಸಿ, ಗಾಳಿ ಊದಿ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಕುಗ್ಗುತ್ತಾ ಅದನ್ನು ಅದುಮುತ್ತದೆ, ತಾನು ಎಳೆತದಲ್ಲಿ ಉಳಿಯುತ್ತದೆ.

ಅಂದರೆ ಹೊರಗಿನ ಭಾರ ಏನೂ ಇಲ್ಲದೆ ವಸ್ತುವಿನೊಳಗೆ ಸಿಕ್ಕಿಕೊಂಡಿರುವ ಬಲ ಇದು. ‘ಶೇಷ’ ಅಂದರೆ ಖರ್ಚಾಗಿ ಮಿಕ್ಕಿದ್ದು ಅನ್ನಿಸುತ್ತದೆ. ‘ಸ್ಟ್ರೆಸ್’ಗೆ ‘ಪೀಡನ’ ಅಂದರೆ ಯಾರಿಗೋ ಹಿಂಸೆ ಕೊಟ್ಟ ಹಾಗೆ. ನನ್ನ ಒಲವು ‘ಒಳಬಿಗುವು’ ಕಡೆಗೆ. ಬೇಕಾದಲ್ಲಿ ‘ಎಳೆಬಿಗುವು’, ‘ಒತ್ತುಬಿಗುವು’ ಅಂತ ಬಿಡಿಸಿ ಹೇಳಲೂ ಬರುತ್ತದೆ. ಒಂದೇ ಅಳುಕು: ‘ಬಿಗುವಿನ ವಾತಾವರಣ’ ಅಂತ ಪತ್ರಿಕೆಗಳಲ್ಲಿ ದಿನಾ ಓದುವವರಿಗೆ ‘ಒತ್ತುಬಿಗುವು’ ವಿಚಿತ್ರವಾಗಿ ಕೇಳಿಸೀತೇ? ‘ಉಳಿದ’ ಎಂಬ ಅರ್ಥ ಬಿಟ್ಟುಹೋದರೆ ನಡೆಯುತ್ತದೆಯೇ?

ಹಾಗೇ ಇನ್ನೊಂದು. ಗ್ಲೇಜಿನ ಆ ಬಲೆಯಂಥ ಬಿರುಕಿಗೆ ಕೆಲಸಗಾರರ ಬಾಯಲ್ಲಿ ಕನ್ನಡದ ಮಾತಿದೆಯೇ? ‘ಕೂದಲೆಳೆ ಬಿರುಕು’ ಅಂದರೆ ಒಂದೇ ಗೆರೆ ಅನ್ನಿಸುತ್ತದೆ. ಬೆಂಗಳೂರಿನ ಬಿಎಚ್‌ಇಎಲ್ ಇನ್ಸುಲೇಟರ್ ಕಾರ್ಖಾನೆಯಲ್ಲಿ ಗೂಡಿನ ಕೆಲಸ ಮಾಡಿದವರು ಬಳಗದಲ್ಲಿದ್ದರೆ, ಅಲ್ಲಿ ಏನನ್ನುತ್ತಿದ್ದರು ಅಂತ ದಯವಿಟ್ಟು ತಿಳಿಸಿ.