ಸೊನ್ನೆಗೆ ಮರಳದ ಮುಳ್ಳು: ಸ್ನೂಪಿ ಸ್ಪೀಡ್‌ಮಾಸ್ಟರ್ ರಿಪೇರಿಗೆ ಸಲಹೆ ಬೇಕು

ಮೈಸೂರಿನವನು

ನಮಸ್ಕಾರ. ನನ್ನ ಬಳಿ ಒಮೆಗಾ ಕಂಪನಿಯ 2015ರ ಸಿಲ್ವರ್ ಸ್ನೂಪಿ ಸ್ಪೀಡ್‌ಮಾಸ್ಟರ್ ಕೈಗಡಿಯಾರ ಇದೆ. ಬಿಳಿ ಡಯಲ್, ಅದರ ಸುತ್ತ ಕಪ್ಪು ಸೆರಾಮಿಕ್ ಬಳೆ (ಬೆಜೆಲ್), ಒಂಬತ್ತರ ಬದಿಯ ಸಣ್ಣ ವೃತ್ತದಲ್ಲಿ ಮಲಗಿರುವ ನಾಯಿ, ಅದೇ ಕಾಮಿಕ್ಸ್‌ನ ಸ್ನೂಪಿ. ತಯಾರಾದದ್ದು 1970 ಗಡಿಯಾರಗಳು ಮಾತ್ರ. ಹ್ಯೂಸ್ಟನ್‌ನಲ್ಲಿ ನೆಲೆಸಿದ್ದ ನನ್ನ ಚಿಕ್ಕಪ್ಪ ಕೊಂಡದ್ದು. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ ನನ್ನ ಕೈಗಿಟ್ಟರು.

1970ರ ಏಪ್ರಿಲ್‌ನಲ್ಲಿ ಚಿಕ್ಕಪ್ಪ ಹಾಸನದಲ್ಲಿದ್ದರು, ಏಳನೇ ತರಗತಿ ಮುಗಿಸಿದ ಹುಡುಗ. ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಮೂವರು ಗಗನಯಾತ್ರಿಗಳು ಬದುಕಿ ಬರುತ್ತಾರೋ ಇಲ್ಲವೋ ಎಂದು ಎದುರುಮನೆಯ ರೇಡಿಯೋ ಮುಂದೆ ಕಾದಿದ್ದನ್ನು ಕೊನೆಯವರೆಗೂ ಹೇಳುತ್ತಿದ್ದರು. ಆಮ್ಲಜನಕದ ತೊಟ್ಟಿ ಸಿಡಿದಿತ್ತು. ವಿದ್ಯುತ್ ಉಳಿಸಲು ನೌಕೆಯ ಉಪಕರಣಗಳನ್ನು ಆರಿಸಿದ್ದರು. ದಾರಿ ಸರಿಪಡಿಸಿಕೊಳ್ಳಲು ಎಂಜಿನ್ 14 ಸೆಕೆಂಡು ಉರಿಯಬೇಕಿತ್ತು. ಆ ಸೆಕೆಂಡುಗಳನ್ನು ಮೂವರಲ್ಲೊಬ್ಬರಾದ ಜ್ಯಾಕ್ ಸ್ವೈಗರ್ಟ್ ತಮ್ಮ ಸ್ಪೀಡ್‌ಮಾಸ್ಟರ್‌ನಲ್ಲಿ ಅಳೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಮೆಗಾಗೆ ನಾಸಾದ ಗಗನಯಾತ್ರಿಗಳು ಕೊಡುವ ಸಿಲ್ವರ್ ಸ್ನೂಪಿ ಪ್ರಶಸ್ತಿ ಬಂತು. 14 ಸೆಕೆಂಡಿನಲ್ಲಿ ನೀವೇನು ಮಾಡಬಲ್ಲಿರಿ ಎಂಬ ಪ್ರಶ್ನೆ ಈ ಡಯಲ್‌ನ ಅಂಚಿನಲ್ಲಿ, ಸೊನ್ನೆಯಿಂದ ಹದಿನಾಲ್ಕರವರೆಗೆ, ಸಣ್ಣ ಅಕ್ಷರಗಳಲ್ಲಿದೆ.

ಕಳೆದ ತಿಂಗಳು ಬೆಳಿಗ್ಗೆ ಕೀ ಕೊಡುವಾಗ ಇದು ನನ್ನ ಕೈಜಾರಿ ಮೊಸಾಯಿಕ್ ನೆಲಕ್ಕೆ ಬಿತ್ತು. ಗಂಟೆ, ನಿಮಿಷ ಸರಿಯಾಗಿ ನಡೆಯುತ್ತಿವೆ. ಆದರೆ ಕ್ರೋನೋಗ್ರಾಫ್‌ನ (ಗಡಿಯಾರದೊಳಗಿನ ಸ್ಟಾಪ್‌ವಾಚ್‌ನ) ಉದ್ದನೆಯ ಮುಳ್ಳನ್ನು ಸೊನ್ನೆಗೆ ಮರಳಿಸಿದರೆ ಒಂದೂವರೆ ಸೆಕೆಂಡು ಮುಂದೆ ನಿಲ್ಲುತ್ತದೆ. ಹದಿನಾಲ್ಕನ್ನು ಎಣಿಸಬೇಕಾದ ಮುಳ್ಳು ಒಂದೂವರೆಯಿಂದ ಹೊರಡುತ್ತದೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ತೋರಿಸಿದ ಅಂಗಡಿಯವರು, "ಬಿಚ್ಚಿ ಸರಿಮಾಡುತ್ತೇವೆ, ಜೊತೆಗೆ ಪೂರ್ತಿ ಪಾಲಿಶ್ ಮಾಡಿ ಹೊಸದರಂತೆ ಕೊಡುತ್ತೇವೆ" ಎಂದರು. ಒಂದು ಲಗ್‌ನ (ಪಟ್ಟಿ ಹಿಡಿಯುವ ಲೋಹದ ಚಾಚಿನ) ಮೇಲೆ ಆಳವಾದ ಗೀರಿದೆ. ಚಿಕ್ಕಪ್ಪನ ಗ್ಯಾರೇಜಿನ ಬಾಗಿಲು ತಗುಲಿ ಆದದ್ದು. ಅದೂ ಹೋಗುತ್ತದಂತೆ. ಒಪ್ಪಲೇ?

ಬೆಂಗಳೂರು ಸಂಗ್ರಾಹಕ

ಪಾಲಿಶ್ ಬೇಡವೇ ಬೇಡ. ಈ ಕೇಸಿನ ಅಂದವೆಲ್ಲ ಅದರ ಲಗ್‌ಗಳಲ್ಲಿದೆ. ಒಂದು ಮುಖ ಗೀರುಗೀರಾದ ಮಂದ ಲೋಹ, ಇನ್ನೊಂದು ಕನ್ನಡಿ; ನಡುವೆ ಚೂಪಾದ ಅಂಚು. ಪಾಲಿಶ್ ಚಕ್ರಕ್ಕೆ ಒಡ್ಡಿದರೆ ಮೊದಲು ಸವೆಯುವುದು ಆ ಅಂಚು. ಸವೆದ ಲೋಹವನ್ನು ಯಾರೂ ಮರಳಿ ಕೂಡಿಸಲಾರರು. ಇಂದು ಇದು ಮೂಲ ಬೆಲೆಯ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತದೆ, ಕೊಳ್ಳುವವರು ಭೂತಗನ್ನಡಿ ಹಿಡಿದು ನೋಡುವುದು ಆ ಅಂಚನ್ನೇ. ಡಬ್ಬಿ, ಕಾಗದಪತ್ರ ಎಲ್ಲವನ್ನೂ ಚಿಕ್ಕಮ್ಮನಿಂದ ತರಿಸಿಕೊಳ್ಳಿ.

ಧಾರವಾಡದ ಓದುಗ

ಮಾರುವ ಯೋಚನೆ ಇಲ್ಲದಿದ್ದರೆ ಬೆಲೆಯ ಮಾತೇಕೆ? ನನ್ನದಾಗಿದ್ದರೆ ಹೊಳೆಯುವಂತೆ ಮಾಡಿಸಿ ದಿನವೂ ಕಟ್ಟುತ್ತಿದ್ದೆ.

ಹಳೆಯ ಎಚ್‌ಎಂಟಿ ಕೆಲಸಗಾರ

ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ 27 ವರ್ಷ ಗಡಿಯಾರ ಜೋಡಿಸಿದವನು ನಾನು. ನಿವೃತ್ತಿಯ ನಂತರ ಕ್ರೋನೋಗ್ರಾಫ್‌ಗಳನ್ನೂ ಬಿಚ್ಚಿದ್ದೇನೆ.

ತಮ್ಮಾ, ಹೆದರಬೇಡ. ಆ ಮುಳ್ಳಿನ ಚಕ್ರದ ಮೇಲೆ ಹೃದಯದ ಆಕಾರದ ಒಂದು ಸಣ್ಣ ತುಣುಕಿರುತ್ತದೆ. ನೀನು ಕೆಳಗಿನ ಗುಂಡಿ ಒತ್ತಿದಾಗ ಒಂದು ಸುತ್ತಿಗೆ ಬಂದು ಅದನ್ನು ಬಡಿಯುತ್ತದೆ. ಹೃದಯ ಎಲ್ಲೇ ತಿರುಗಿದ್ದರೂ ಜಾರಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಮುಳ್ಳನ್ನು ಆ ಚಕ್ರದ ಅಚ್ಚಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ, ಅಷ್ಟೇ. ಜೋರಾಗಿ ಬಿದ್ದರೆ ಆ ಹಿಡಿತ ಕೂದಲೆಳೆಯಷ್ಟು ಜಾರಬಹುದು.

ಮೊದಲು ಒಂದು ಪರೀಕ್ಷೆ ಮಾಡು. ಬೇರೆಬೇರೆ ಹೊತ್ತು ಓಡಿಸಿ, ನಿಲ್ಲಿಸಿ, ಹತ್ತು ಸಲ ಸೊನ್ನೆಗೆ ತಾ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತರೆ ಮುಳ್ಳು ಜಾರಿದೆ ಎಂದು ತಿಳಿ. ಒಮ್ಮೆ ಒಂದು, ಒಮ್ಮೆ ಎರಡು ಎಂದಾದರೆ ದೋಷ ಒಳಗಿದೆ. ನಿಲ್ಲಿಸದೆ ಕೆಳಗಿನ ಗುಂಡಿ ಒತ್ತಬೇಡ.

ಜಾರಿದ ಮುಳ್ಳನ್ನು ಕಿತ್ತು ಸೊನ್ನೆಗೆ ಮತ್ತೆ ಕೂರಿಸಬೇಕು. ಕೀಳುವಾಗ ಡಯಲ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಬಿಳಿ ಡಯಲ್‌ನಲ್ಲಿ ಒಂದು ಗೀರು ಬಿದ್ದರೂ ಎದ್ದು ಕಾಣುತ್ತದೆ. ಮುಳ್ಳು, ಡಯಲ್ ಬದಲಾಯಿಸಕೂಡದು, ಪಾಲಿಶ್ ಮಾಡಕೂಡದು ಎಂದು ರಸೀದಿಯ ಮೇಲೆ ಬರೆಸಿಕೊ. ಹಾಗೆ ಬರೆದುಕೊಡಲು ಒಪ್ಪದವರಿಗೆ ಕೊಡಬೇಡ.

ಮೈಸೂರಿನವನು

ಹಿರಿಯರೇ, ರಾತ್ರಿಯೇ ಹತ್ತು ಸಲ ಮಾಡಿ ನೋಡಿದೆ. 3 ಸೆಕೆಂಡಿಗೆ, 40 ಸೆಕೆಂಡಿಗೆ, ಎರಡು ನಿಮಿಷಕ್ಕೆ. ಹತ್ತೂ ಸಲ ಅದೇ ಒಂದೂವರೆಯಲ್ಲಿ ನಿಂತಿತು. ಇಷ್ಟು ಸಮಾಧಾನ ಈ ತಿಂಗಳಲ್ಲಿ ಆಗಿರಲಿಲ್ಲ.

ಸೋಮವಾರ ಬೆಂಗಳೂರಿನ ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯುತ್ತೇನೆ. ರಸೀದಿಯಲ್ಲಿ ಬರೆಸಬೇಕಾದ ಮಾತುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಧಾರವಾಡದವರೇ, ದಿನವೂ ಕಟ್ಟುವ ನಿಮ್ಮ ಮಾತು ಹಿಡಿಸಿತು, ಹಾಗೇ ಮಾಡುತ್ತೇನೆ. ಆದರೆ ಗ್ಯಾರೇಜಿನ ಗೀರು ಅಲ್ಲೇ ಇರಲಿ.