ಅಮೆರಿಕದಲ್ಲಿ ಫೆಡರಲ್ ಜಡ್ಜ್ ಆಗೋಕೆ ಯಾವ ಪರೀಕ್ಷೆ ಬರೀಬೇಕು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಲಾ ಸ್ಕೂಲಿನ ಎರಡನೇ ವರ್ಷದಲ್ಲಿದ್ದಾಳೆ. ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನ ಜಡ್ಜ್ ಆಗಬೇಕು ಅಂತಾಳೆ. ಕರ್ನಾಟಕದಲ್ಲಾದರೆ ಹೈಕೋರ್ಟ್ ಸಿವಿಲ್ ಜಡ್ಜ್ ಪರೀಕ್ಷೆ ನಡೆಸುತ್ತೆ. ಇಲ್ಲಿ ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ: ಪರೀಕ್ಷೆ ಇಲ್ಲ ಅಕ್ಕಾ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ಒಪ್ಪಿದರೆ ಹುದ್ದೆ ಜೀವನಪೂರ್ತಿ. ಅಲ್ಲಿವರೆಗೆ ಹೋಗೋ ದಾರಿ ಒಂದೇ ಅಲ್ಲ. ಅಮುಲ್ ಥಾಪರ್ ಫೆಡರಲ್ ಪ್ರಾಸಿಕ್ಯೂಟರ್ ಆಗಿದ್ದವರು, ಕೆಂಟಕಿಯಲ್ಲಿ ಜಡ್ಜ್ ಆದರು. 2023ರಲ್ಲಿ ನ್ಯೂಯಾರ್ಕಿನಲ್ಲಿ ಜಡ್ಜ್ ಆದ ಅರುಣ್ ಸುಬ್ರಮಣಿಯನ್ ಖಾಸಗಿ ವಕೀಲಿಕೆಯಿಂದ ಬಂದವರು. ಇಬ್ಬರೂ ಶುರುವಿನಲ್ಲಿ ಜಡ್ಜ್‌ಗಳ ಹತ್ತಿರ ಲಾ ಕ್ಲರ್ಕ್, ಅಂದರೆ ಕಾನೂನು ಕೆಲಸದಲ್ಲಿ ಜಡ್ಜ್‌ಗೆ ನೆರವಾಗುವ ಸಹಾಯಕರು, ಆಗಿದ್ದರು.

ನಾನೂ ಒಂದು ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಕ್ಲರ್ಕ್ ಆಗಿದ್ದೆ. ವಿಚಾರಣೆಗೆ ಮೊದಲು ಎರಡೂ ಕಡೆಯ ವಾದ ಓದಿ, ಜಡ್ಜ್‌ಗೆ ಟಿಪ್ಪಣಿ ಬರೆದುಕೊಡಬೇಕು. ಆಮೇಲೆ ಕೋರ್ಟಿನಲ್ಲಿ ಕೂತು ನೋಡೋದು. "ಈಗ ಗೊತ್ತಿಲ್ಲ, ನೋಡಿ ಹೇಳ್ತೀನಿ" ಅಂದ ವಕೀಲರ ಮಾತನ್ನು ನಮ್ಮ ಜಡ್ಜ್ ಮುಂದಿನ ಸಲ ಜಾಸ್ತಿ ನಂಬುತ್ತಿದ್ದರು. ಇದನ್ನು ಯಾವ ಕ್ಲಾಸಿನಲ್ಲೂ ಕಲಿಸಲ್ಲ.

ಇನ್ನೊಂದು ಮುಖ್ಯ ವಿಷಯ. ಹೆಸರು ಬಂದಮೇಲೆ ಸೆನೆಟ್ ಸಮಿತಿ ಉದ್ದದ ಪ್ರಶ್ನಾವಳಿ ಕೊಡುತ್ತೆ. ತಾನೇ ನಡೆಸಿದ 10 ಮಹತ್ವದ ಕೇಸು ಬರೆಯಬೇಕು, ಎದುರು ಪಕ್ಷದ ವಕೀಲರ ಹೆಸರು, ಫೋನ್ ನಂಬರ್ ಸಮೇತ! ಅವರನ್ನೂ ವಿಚಾರಿಸಬಹುದು. ಹಾಗಾಗಿ ಮೊದಲ ಕೇಸಿನಿಂದಲೇ ಎದುರಾಳಿ ವಕೀಲರ ಜೊತೆ ನೇರವಾಗಿ, ಮರ್ಯಾದೆಯಿಂದ ಇರಲಿ. ಕೇಸುಗಳ ಪಟ್ಟಿಯನ್ನೂ ಈಗಿನಿಂದಲೇ ಬರೆದಿಟ್ಟುಕೊಳ್ಳಲಿ.

ಮತ್ತೊಬ್ಬರು: ಯಾವ ರಾಜ್ಯದಲ್ಲಿ ನೆಲೆ ನಿಲ್ಲುತ್ತಾಳೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಆ ರಾಜ್ಯದ ಸೆನೆಟರ್‌ಗಳು 'ಬ್ಲೂ ಸ್ಲಿಪ್' (ತಮ್ಮ ಒಪ್ಪಿಗೆಯ ಚೀಟಿ) ಕಳಿಸದಿದ್ದರೆ ಹೆಸರು ಸಾಮಾನ್ಯವಾಗಿ ಸಮಿತಿಯಲ್ಲೇ ನಿಂತುಬಿಡುತ್ತೆ. ಎಷ್ಟೋ ಕಡೆ ಸೆನೆಟರ್‌ಗಳೇ ಅರ್ಜಿ ಕರೆಯುತ್ತಾರೆ. ಅಲ್ಲಿನ ವಕೀಲರ ಬಳಗದಲ್ಲಿ ಪರಿಚಯ ಇರಬೇಕು ಅಲ್ವಾ?

ಮ್ಯಾಜಿಸ್ಟ್ರೇಟ್ ಜಡ್ಜ್ (ಅದೇ ಕೋರ್ಟಿನಲ್ಲಿ ಡಿಸ್ಟ್ರಿಕ್ಟ್ ಜಡ್ಜ್‌ಗಳಿಗೆ ನೆರವಾಗುವ ಜಡ್ಜ್) ಹುದ್ದೆಯನ್ನೂ ನೋಡಲಿ. ಅದಕ್ಕೆ ನೇರ ಅರ್ಜಿ ಹಾಕಬಹುದು. ಕನಿಷ್ಠ 5 ವರ್ಷ ವಕೀಲಿಕೆ ಬೇಕು. ಡಿಸ್ಟ್ರಿಕ್ಟ್ ಜಡ್ಜ್‌ಗಳೇ ಆರಿಸುತ್ತಾರೆ, ಅವಧಿ 8 ವರ್ಷ. ಸಂಕೇತ್ ಬುಲ್ಸಾರಾ ಬ್ರೂಕ್ಲಿನ್‌ನಲ್ಲಿ 2017ರಲ್ಲಿ ಹೀಗೆ ಸೇರಿ, ಮುಂದೆ ಅದೇ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್ ಆದರು.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಹಾಗಾದರೆ ಈಗ ಮೊದಲು ಮಾಡಬೇಕಾದ್ದು ಏನು?

ಉತ್ತರ: ಕ್ಲರ್ಕ್ ಹುದ್ದೆಗೆ ಅರ್ಜಿ. 'ಆಸ್ಕರ್' ಅನ್ನೋ ಸರ್ಕಾರಿ ಜಾಲತಾಣದಲ್ಲಿ ಹಾಕೋದು. ಎರಡನೇ ವರ್ಷ ಮುಗಿದ ಬೇಸಿಗೆಯಲ್ಲೇ ಬಹಳಷ್ಟು ಜಡ್ಜ್‌ಗಳು ಅರ್ಜಿ ನೋಡೋಕೆ ಶುರು ಮಾಡ್ತಾರೆ. ತನ್ನ ಬರವಣಿಗೆ ಚೆನ್ನಾಗಿ ಗೊತ್ತಿರೋ ಪ್ರೊಫೆಸರ್‌ಗಳ ಹತ್ತಿರ ಶಿಫಾರಸು ಪತ್ರಕ್ಕೆ ಈ ವಾರವೇ ಕೇಳಲಿ.